ಉತ್ತರಾಣಿಯೂ ಕಾಕಾನ ಉತ್ತರವೂ

ಬಾಯಿಗೆ ಅಗಳಿ ಇಲ್ಲದವರು ಮನ್ಯಾಗ ಒಬ್ಬರಿದ್ದರ ಸಾಕು, ಫಜೀತಿ ತಾನಾಗಿ ಹುಡುಕಿಕೊಂಡು ಬರತಾವ. ಕೌಜಲಗಿಯ ನಮ್ಮ ಮನ್ಯಾಗ ಕಾಕಾ ಇದ್ದ.

ಅವನ ಹೆಂಡತಿ ಕಾಕು ಚೇಳು ಕಡಿದವರಿಗೆ ಉತ್ತರಾಣಿ ಬೇರು ತೇದು ಹಚ್ಚತಿದ್ದಳು. ಬೇಲಿ ಬದಿಗೆ ಬೆಳದು, ಹಾದುಹೋದವರ ಧೋತರಕ್ಕೆಲ್ಲಾ ಮುಳ್ಳುಗಾಳು ಅಂಟಿಸೋ ಗಿಡ ಅದು. ಬೇರು ಕೀಳಾಕ ಹೋದವರು, ಅದನ್ನ ತಂದು ಕಾಕುನ ಕೈಗೆ ಕೊಡೋತನಕ ಯಾರ ಜೋಡಿನೂ ಮಾತಾಡಬಾರದು. ಮಾತಾಡಿದರ ಔಷಧ ಹತ್ತಂಗಿಲ್ಲ. "ಉತ್ತರಾಣಿಗೆ ಹೋದಾವರು ಉತ್ತರಾ ಕೊಡಬಾರದು" ಅಂತಿದ್ದಳು. ತರಾಕ ಹೋಗಾವ ಮಾತ್ರ ನಮ್ಮ ಕಾಕಾ!

ಕೆಟ್ಟ ಬೇರು

ಮಸಗುಪ್ಪಿಯ ಗೌಡರೊಬ್ಬರು ಚೇಳು ಕಡಿಸಿಕೊಂಡು ಚಕ್ಕಡ್ಯಾಗ ನರಳಿಕೋತ ಬಂದರು. ಕಾಕಾ ಬೇರಿಗೆ ಓಡಿದ. ಬಾವಿ ಹತ್ರ ಯಾರೋ ಎಲ್ಲಿಗೆ ಹೊಂಟೀರಿ ಅಂದರಂತ. "ಮಾತಾಡಸಬ್ಯಾಡ್ರೋ, ಉತ್ತರಾಣಿಗೆ ಹೊಂಟೇನಿ, ಮಾತಾಡಂಗಿಲ್ಲ" ಅಂದನಂತ. ಬಂದು ತಾನೇ ನಗಕೋತ ಇದನ್ನ ಹೇಳಿದ. ಬೇರು ಕೆಟ್ಟಿತು ಅಂತ ಕಾಕು ಮತ್ತ ಅಟ್ಟಿದಳು. ಈ ಸಲ, ಮೊದಲಿನ ಬೇರು ಹೆಂಗ ಕೆಟ್ಟಿತು ಅನ್ನೋದನ್ನ ದಾರ್ಯಾಗ ಸಿಕ್ಕವರಿಗೆಲ್ಲಾ ತಿಳಿಸಿ ಹೇಳಿ ಬಂದ. ಅಷ್ಟೊತ್ತಿಗೆ ಗೌಡರ ಉರಿ ತಾನೇ ಇಳದಿತ್ತು.

ಗೌಡರು ಎದ್ದು ರುಮಾಲು ಸುತ್ತಿಕೊಂಡು, ಬೇರು ಬ್ಯಾರೇದವರಿಗೆ ಇಡ್ರಿ ಕಾಕು, ನನಗ ನಿಮ್ಮವರ ಮಾತೇ ಹತ್ತಿತು ಅಂದರು.

ಮಾಸ್ತರ ಹಲ್ಲು

ಸಾಲಿ ಮಾಸ್ತರಿಗೆ ಹಲ್ಲುನೋವು. ಉತ್ತರಾಣಿ ಬೇರಿನಿಂದ ಹಲ್ಲು ತಿಕ್ಕಿ, ತುಂಡು ಬಾಯಾಗ ಇಟಗೊಂಡು ಸುಮ್ಮನ ಕೂಡ್ರಿ ಅಂದಳು ಕಾಕು. ನೋವೇನೋ ಇಳೀತು. ಆದರ ಉತ್ತರಾ ಕೊಡಬಾರದು ಅನ್ನೋ ನೇಮ ಸಾಲಿ ಹುಡುಗರ ಕಿವಿಗೆ ಬಿತ್ತು. ಹೇಳಿದಾವ ಯಾರಂತ ಬ್ಯಾರೇ ಹೇಳಬೇಕೇನು? ಮರುದಿನ ಮಾಸ್ತರು ಲೆಕ್ಕದ ಉತ್ತರಾ ಕೇಳಿದರ, ಇಡೀ ವರ್ಗದ ಬಾಯಾಗ ಉತ್ತರಾಣಿ.

ಮೂಗ ಕಾಕಾ

ಇನ್ನ ನನ್ನ ಲಗ್ನದ ಕಥಿ. ಮೂಡಲಗಿಯ ಛಲೋ ಸಂಬಂಧವೊಂದು ಕಾಕಾನ ಬಾಯಿಂದ ಮುರದಿತ್ತು. ಹುಡುಗಿ ಭಾಳ ಶ್ಯಾಣ್ಯಾಕಿ, ಸಿಟ್ಟು ಬಂದರಷ್ಟ ಭಾಂಡಿ ಎತ್ತಿ ಬೀಸಿ ಒಗೀತಾಳ ಅಂತ ನನ್ನ ಹೊಗಳಿದ್ದ. ಈಗ ಹುಕ್ಕೇರಿಯವರು ನೋಡಾಕ ಬರಾವರಿದ್ದರು. ಇದೂ ತಪ್ಪಿದರ ಹೆಂಗ ಅಂತ ನನಗ ಗಾಬರಿ. ಕಾಕು ಉಪಾಯ ಮಾಡಿ, ಆಳಿಗೆ ಚೇಳು ಕಡದೈತಿ ಅಂತ ಸುಳ್ಳು ಹೇಳಿ ಕಾಕಾನ್ನ ಉತ್ತರಾಣಿಗೆ ಕಳಿಸಿದಳು.

ಜೀವಮಾನದಾಗ ಅವತ್ತೊಂದು ದಿನ ಕಾಕಾ ನೇಮ ಪಾಲಿಸಿದ. ಊರ ಅಗಸಿ ಬಾಗಲ ಹತ್ರ ಹುಕ್ಕೇರಿಯವರೇ ಎದುರಾಗಿ ನಮ್ಮ ಮನಿ ಕೇಳಿದರು. ಕಾಕಾ ತುಟಿ ಬಿಗಿಹಿಡದು ಕೈ ತೋರಿಸಿದ. ನೀವು ಹುಡುಗಿಗೆ ಏನಾಗಬೇಕು ಅಂದರ ಎದಿ ಬಡಕೊಂಡ. ಹೆಸರು ಕೇಳಿದರ ಬೇರು ತೋರಿಸಿದ. ಹಂಗೇ ಅವರನ್ನ ಕರಕೊಂಡೂ ಬಂದ.

ವರನ ಅಪ್ಪ ಚಾಪಿ ಮ್ಯಾಲೆ ಕುಂತಾವರೇ, "ನಿಮ್ಮ ವಂಶದಾಗ ಮೂಗತನ ಐತೇನ್ರಿ?" ಅಂದರು. ಬಾಗಲ ಸಂದ್ಯಾಗ ನಿಂತಿದ್ದ ನನ್ನ ಕಣ್ಣಾಗ ನೀರು ಬಂದವು. ಕಾಕು ಓಡಿ ಬಂದು ಕಾಕಾನ ಕೈಯಾಗಿನ ಬೇರು ಕಸಗೊಂಡಳು. "ಮಾತಾಡ್ರಿ ಇನ್ನ, ಹುಡುಗಿ ಹಣೇಬರಾ ನಿಮ್ಮ ಬಾಯಾಗ ಐತಿ" ಅಂದಳು. ಕಾಕು ಅವಗ ಮಾತಾಡ್ರಿ ಅಂದಿದ್ದು ಅದೊಂದೇ ಸಲ.

ಕಾಕಾ ಮಾತಾಡಿದ. ಹುಕ್ಕೇರಿ ರಸ್ತಾದಿಂದ ಹಿಡದು ಎತ್ತಿನ ಹಲ್ಲು, ನನ್ನ ಸಣ್ಣಂದಿನ ದಡಾರ, ಮೂಡಲಗಿಯವರು ಎದ್ದು ಹೋದದ್ದು, ಭಾಂಡಿ ಒಗದದ್ದು, ಏನೂ ಬಿಡಲಿಲ್ಲ. ನಾ ತಂದಿಟ್ಟ ಚಹಾ ಆರಿತು. ಬಿಸಲು ಇಳೀತು. ನನ್ನ ಆಸೆನೂ ಇಳೀತು.

ಕಡೀಕೆ ವರನ ಅಪ್ಪ ಎರಡೂ ಕೈ ಜೋಡಿಸಿ ಕಾಕುನ ಕಡೆ ತಿರುಗಿದರು. "ವಂಶದಾಗ ಮೂಗತನ ಇಲ್ಲ ಅಂತ ಖಾತ್ರಿ ಆತು, ಹುಡುಗಿ ಪಸಂದ್ರಿ ಅವ್ವಾ. ಆದರ ಲಗ್ನದ ದಿನಾನೂ ಇವರನ್ನ ಉತ್ತರಾಣಿಗೆ ಕಳಸ್ರಿ."