ಸೀದ ಬೇಳೆಯ ಕಲ್ಯಾಣಿ

ಡಿಸೆಂಬರ್ ಸಂಗೀತೋತ್ಸವದ ಕಛೇರಿಗೆ ಸಂಗೀತ ಸಭಾದವರು ನನ್ನನ್ನು ಒಪ್ಪಿಕೊಳ್ಳದೆ ಬೇರೆ ಗತಿಯಿಲ್ಲ ಎಂದು ನನಗೆ ಖಾತ್ರಿಯಿತ್ತು. ಇಪ್ಪತ್ತು ವರ್ಷದಿಂದ ಕಲ್ಯಾಣಿ ರಾಗವನ್ನು ತಿದ್ದಿ ತೀಡುತ್ತಿದ್ದೇನೆ. ಮೈಲಾಪೂರದ ನಮ್ಮ ಫ್ಲ್ಯಾಟಿನ ಗೋಡೆಗಳಿಗೂ ಬಾಯಿಪಾಠ. ಸಭಾದವರು ಕೇಳಿದ್ದು ಹತ್ತೇ ನಿಮಿಷದ ರೆಕಾರ್ಡಿಂಗು. ನಡುವೆ ನಿಲ್ಲಿಸಕೂಡದು, ಶನಿವಾರ ಹನ್ನೆರಡು ಗಂಟೆಯೊಳಗೆ ತಲುಪಬೇಕು.

ನಾನು ಕುಳಿತದ್ದು ಶನಿವಾರ ಹನ್ನೊಂದು ಮುಕ್ಕಾಲಿಗೆ. ಅಷ್ಟರಲ್ಲಿ ಯಜಮಾನರು ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿದ್ದರು. ಅವರಿಗೂ ಹನ್ನೆರಡಕ್ಕೆ ಊಟ ಆಗಲೇಬೇಕು. ಎರಡೂ ಕಾರ್ಯಗಳನ್ನು ಏಕಕಾಲದಲ್ಲಿ ನೆರವೇರಿಸಲು ತೀರ್ಮಾನಿಸಿ, ಕುಕ್ಕರಿನಲ್ಲಿ ಬೇಳೆ ಇಟ್ಟು, ಅಡುಗೆಮನೆಯ ನೆಲದ ಮೇಲೇ ಚಕ್ಕಳಮಕ್ಕಳ ಹಾಕಿ, ಫೋನನ್ನು ಅಕ್ಕಿ ಡಬ್ಬಕ್ಕೆ ಒರಗಿಸಿ ಕಣ್ಣು ಮುಚ್ಚಿದೆ. ಅಲ್ಲೇ ಕೆಟ್ಟೆ.

ಕಣ್ಣು ಮುಚ್ಚಿದೊಡನೆ ಅಡುಗೆಮನೆ ಮಾಯ. ಮಲ್ಲಿಗೆ ಮುಡಿದು ವೇದಿಕೆಯ ಮೇಲಿದ್ದೇನೆ. ಪಕ್ಕದ ಬಾಗಿಲಿನಿಂದ ಸಂಜೆಯ ಕಡಲಗಾಳಿ ತಣ್ಣಗೆ ಬರುತ್ತಿದೆ. ಪಿಟೀಲಿನವರು ಕಮಾನು ಎತ್ತಿ ಹಿಡಿದು, ನಾನು ಇನ್ನೆಲ್ಲಿಗೆ ಹೋಗುತ್ತೇನೋ ಎಂದು ಕಾಯುತ್ತಿದ್ದಾರೆ. ಮೇಲಕ್ಕೆ ಹೋದೆ, ಇನ್ನೂ ಮೇಲಕ್ಕೆ ಹೋದೆ. ಯಾರೋ ನನ್ನೊಡನೆ ಷಡ್ಜ ಹಿಡಿದರು. ಆಹಾ, ಎಂಥ ಶ್ರುತಿ!

ಕಣ್ಣು ಬಿಟ್ಟೆ. ಕುಕ್ಕರು! ಮೂರು ಕೂಗಿಗೆ ಆರಿಸಬೇಕಾದದ್ದು ಎಷ್ಟನೆಯದೋ ಕೂಗುತ್ತಿತ್ತು. ಸೀದ ವಾಸನೆ ಮೂಗಿಗೆ ಬಡಿಯಿತು. ಎದ್ದು ಹೋಗೋಣವೆಂದರೆ ನನ್ನ ಮಂಡಿ ಮುಲುಗದೆ ಏಳುವುದಿಲ್ಲ, ಮುಲುಗಿದರೆ ಅದೂ ರೆಕಾರ್ಡಾಗುತ್ತದೆ. ಅಷ್ಟರಲ್ಲಿ ಯಜಮಾನರು ಬಾಗಿಲಲ್ಲಿ ಕಂಡರು. ಕಲ್ಯಾಣಿ ಬಿಡದೆ, ಕೈ ಮುಗಿದು, ಕಣ್ತುಂಬಿ ಹಾಡಿದೆ: “ಒಲೆಯಾರಿಸೋ ಸ್ವಾಮಿ, ತಳ ಸೀಯುತಿದೆ...”

ಮೂವತ್ತು ವರ್ಷ ಬಹುವಚನ ತಪ್ಪದೆ ಮಾತಾಡಿಸಿದ ಗಂಡ! ಏನು ಮಾಡಲಿ, ಕಲ್ಯಾಣಿಗೆ ಬಹುವಚನ ಒಗ್ಗಲಿಲ್ಲ. ಅವರು ಬೆಪ್ಪಾಗಿ ನಿಂತೇ ಇದ್ದರು. ಅದೇ ಸಾಲನ್ನು ಏರಿಸಿ ಇಳಿಸಿ ನಾಲ್ಕು ಸಲ ಬೇಡಿಕೊಂಡ ಮೇಲೆ ಒಲೆ ಆರಿತು. ಮತ್ತೆ ಹಾಡಲು ಹೊತ್ತಿರಲಿಲ್ಲ. ಹಾಗೇ ಕಳಿಸಿ, ಅವರಿಗೆ ಬೆಳಗಿನ ಇಡ್ಲಿ ಬಡಿಸಿ, ಮುಸುಕೆಳೆದು ಮಲಗಿದೆ.

ಮೂರನೇ ದಿನ ಸಭಾದ ಕಾರ್ಯದರ್ಶಿಗಳ ಫೋನು. ತಮಿಳರು, ಕನ್ನಡದ ಗಂಧಗಾಳಿಯಿಲ್ಲ.

“ಮಾಮಿ, ಕಲ್ಯಾಣಿ ಸುಮಾರ್ ದಾನ್,” ಎಂದರು. ಸಾಧಾರಣ ಅಷ್ಟೇ ಅಂತೆ! “ಆನಾ ಅಂದ ಕನ್ನಡ ಪಾಟ್ಟು...” ಆದರೆ ಆ ಕನ್ನಡ ಹಾಡು, ಎಂದು ಹೇಳುತ್ತಲೇ ಮೂಗು ಸೀಟಿದರು. ಅದನ್ನು ಕೇಳಿ ಕಮಿಟಿಯವರೆಲ್ಲ ಅತ್ತುಬಿಟ್ಟರಂತೆ! ಎಂಥ ಶರಣಾಗತಿ, ಯಾವ ದಾಸರದು ಎಂದು ಕೇಳಿದರು. ನಿಜ ಹೇಳುವ ಧೈರ್ಯ ಬರಲಿಲ್ಲ. ನಮ್ಮ ಮನೆಯಲ್ಲಿ ಬಂದದ್ದು ಎಂದೆ. ಡಿಸೆಂಬರಿನ ಒಂದು ಮಧ್ಯಾಹ್ನ ನನಗೆ ಕೊಟ್ಟಿದ್ದಾರೆ, ಆ ಪದವನ್ನು ಪೂರ್ತಿ ಹಾಡಬೇಕೆಂಬ ಷರತ್ತಿನ ಮೇಲೆ.

ಇಪ್ಪತ್ತು ವರ್ಷದ ಕಲ್ಯಾಣಿ ಸುಮಾರು. ಹತ್ತು ನಿಮಿಷದ ಬೇಳೆ ಅಮೋಘ! ಈಗ ಅದಕ್ಕೊಂದು ಚರಣ ಬೇಕು. ದಿನವೂ ಕಣ್ಣು ಮುಚ್ಚಿ ಕೂರುತ್ತೇನೆ. ವೇದಿಕೆ ಬರುತ್ತದೆ, ಕಡಲಗಾಳಿ ಬರುತ್ತದೆ, ಭಾವ ಮಾತ್ರ ಬರುವುದಿಲ್ಲ. ನಿನ್ನೆ ಯಜಮಾನರ ಮುಂದೆ ಗೋಳಾಡಿದೆ. ಅವರು ಎದ್ದು, ಕುಕ್ಕರಿಗೆ ಬೇಳೆ ಸುರಿದು, ಒಲೆ ಹಚ್ಚಿದರು.

“ಈ ಸಲ ಎಷ್ಟು ಬೇಡ್ಕೊಂಡ್ರೂ ನಾನು ಆರ್ಸೋದಿಲ್ಲ,” ಎಂದು ಪೇಪರ್ ಹಿಡಿದು ಹೊರಗೆ ಕೂತರು.