ಮಾವನ ಉದ್ದದ ವೆಬ್ ವಿಳಾಸ

ಇಡೀ ಇಂಟರ್‌ನೆಟ್ಟನ್ನೇ ಸೊರಬ ತಾಲ್ಲೂಕಿಗೆ ಸೇರಿಸಲು ಹೊರಟವರು ಯಾರಾದರೂ ಇದ್ದರೆ ಅದು ನಮ್ಮ ಮಾವ ಒಬ್ಬರೇ! ಸಂಬಂಧ ದೂರದ್ದು, ಕಾಟ ಮಾತ್ರ ತೀರಾ ಹತ್ತಿರದ್ದು. ತಾಲ್ಲೂಕು ಕಚೇರಿಯಲ್ಲಿ ಟೈಪಿಸ್ಟ್ ಆಗಿದ್ದು ನಿವೃತ್ತರಾದವರು, ಸೊರಬದ ಬಾಡಿಗೆ ಕೋಣೆಯಲ್ಲಿ ಒಬ್ಬರೇ ಇದ್ದರು. ತೊಂಬತ್ತರ ದಶಕದ ಕೊನೆಯಲ್ಲಿ ನಾನು ಶಿಕಾರಿಪುರದಲ್ಲಿ ಕಂಪ್ಯೂಟರ್ ಕ್ಲಾಸ್ ನಡೆಸುತ್ತಿದ್ದೆ. ಪ್ರತಿ ಭಾನುವಾರ ಮೊದಲ ಬಸ್ಸಿಗೇ ಮಾವ ಹಾಜರ್!

ಉದ್ದೇಶ ಒಂದೇ. ಇಪ್ಪತ್ತು ವರ್ಷದ ಹಿಂದೆ ಇವರು ಬೈದರೆಂದು ಇವರ ತಮ್ಮ ಮನೆ ಬಿಟ್ಟು ಹೋಗಿದ್ದ. ಅವನು ಎಲ್ಲಿದ್ದರೂ ನೋಡುವಂತೆ ಒಂದು ವೆಬ್ ಪುಟ ಮಾಡಬೇಕು. ಪುಟದಲ್ಲಿ ಇದ್ದದ್ದು ಒಂದೇ ಸಾಲು: "ತಪ್ಪು ನಂದು, ಬಾ."

ಸರ್ಚ್ ಎಂಜಿನ್ ಎಂಬ ಹುಡುಕುವ ಯಂತ್ರಗಳು ಪುಟದ ವಿಳಾಸದಲ್ಲಿರುವ ಪದಗಳನ್ನೂ ಓದುತ್ತವೆ ಎಂದು ನಾನು ಬಾಯಿ ತಪ್ಪಿ ಹೇಳಿದೆ ನೋಡಿ, ಅಷ್ಟೇ! ಮಾವ ಫೋಲ್ಡರಿನೊಳಗೆ ಫೋಲ್ಡರ್ ಇಟ್ಟರು. ಜಿಲ್ಲೆ, ತಾಲ್ಲೂಕು, ಹೋಬಳಿ, ಜಡೆ ಎಂಬ ತಮ್ಮ ಗ್ರಾಮ, ತಂದೆಯ ಹೆಸರು, ಕಟ್ಟಕಡೆಗೆ ಸ್ವಂತ ಹೆಸರು. ವಿಳಾಸ ಪರದೆಯ ಬಲತುದಿ ದಾಟಿ ಆಚೆ ಹೋಯಿತು.

"ಮಾವ, ಇಷ್ಟು ಆಳಕ್ಕೆ ಯಾವ ಯಂತ್ರಾನೂ ಇಳಿಯಲ್ಲ. ಚಿಕ್ಕದು ಮಾಡ್ರಿ."

"ಬಿನ್ ಅಂತ ಅಪ್ಪನ ಹೆಸರು ಇಲ್ದೆ ಯಾವ ಅರ್ಜಿ ಪಾಸಾಗೈತಲೇ?"

ಯಂತ್ರಕ್ಕೆ ಅರ್ಜಿಯಂತೆ! ಆದರೂ ಹುಡುಕುವ ಯಂತ್ರದವರಿಗೆ ವಿಳಾಸ ತಿಳಿಸಿದ್ದಾಯಿತು. ಮುಂದಿನ ಭಾನುವಾರ ಬಂದವರೇ "ಊರು ಮೊದಲು ಬರ್ಲಿ" ಎಂದು ಅದನ್ನೇ ಬದಲಿಸಿದರು. ಅದರ ಮುಂದಿನ ವಾರ ಹೋಬಳಿ ಮೊದಲು. ಯಂತ್ರ ಹಳೇ ವಿಳಾಸ ಹುಡುಕಿಕೊಂಡು ಬಂದರೆ ಅಲ್ಲಿ ಪುಟವೇ ಇಲ್ಲ! ಉತ್ತರ ಬರಲಿಲ್ಲವೆಂದು ಮಾವ ಜ್ಞಾಪನಾ ಪತ್ರ ಬೇರೆ ಕಳಿಸಿದರು. ಒಂದಲ್ಲ, ನಾಲ್ಕು.

"ದೊಡ್ಡ ಆಫೀಸು, ಟಪಾಲು ತಡ ಆಗ್ತೈತೆ" ಎಂದು ನನಗೇ ಸಮಾಧಾನ ಹೇಳಿದರು.

ಕೊನೆಗೊಂದು ಭಾನುವಾರ ನನ್ನ ತಾಳ್ಮೆ ಕೆಟ್ಟಿತು. "ಒಂದೇ ಒಂದು ಹೆಸರು ಇಡ್ರಿ ಮಾವ. ಹುಡುಕೋರು ಏನು ಟೈಪ್ ಮಾಡ್ತಾರೋ ಅದು. ನಿಮ್ಮ ಹೆಸರೇ ಇಡ್ಲಾ?"

"ಬೈದೋನ ಹೆಸರು ಅವನ್ಯಾಕೆ ಹುಡುಕ್ತಾನೆ? ಅವನ ಹೆಸರೇ ಇಡು."

"ತನ್ನ ಹೆಸರು ತಾನೇ ಯಾರು ಹುಡುಕ್ತಾರೆ?" ನಾನು ಜೋರಾಗಿ ನಕ್ಕೆ.

ಮಾವ ನಗಲಿಲ್ಲ. "ಹುಡುಕ್ತಾರಪ್ಪ. ಯಾರಾದ್ರೂ ನಮ್ಮನ್ನ ನೆನೆಸ್ಕೊಂಡಾರೇನು ಅಂತ. ನೀನು ಚಾ ಕುಡಿಯಾಕೆ ಹೋದಾಗೆಲ್ಲ ನಾನು ನನ್ನ ಹೆಸರು ಹಾಕಿ ನೋಡ್ತೀನಿ."

"ಏನಾದ್ರೂ ಸಿಕ್ತಾ?"

"ಇಲ್ಲ."

ಇಷ್ಟು ದಿನ ಇವರನ್ನು ಕಂಪ್ಯೂಟರ್ ಮುಂದೆ ಬಿಟ್ಟು ಹೋಗಿ ನಾನು ಗೆಳೆಯರ ಜೊತೆ ಚಾ ಕುಡಿಯುತ್ತಾ ಇವರದೇ ಕತೆ ಹೇಳಿ ನಗಿಸುತ್ತಿದ್ದೆ. ತಮ್ಮನ ಹೆಸರಿನ ಪುಟ ಅಂದೇ ಸಿದ್ಧವಾಯಿತು. ಮಾವನನ್ನು ಸೊರಬದ ಬಸ್ಸು ಹತ್ತಿಸಿ ಬಂದು ಇನ್ನೊಂದು ಪುಟ ಮಾಡಿದೆ. ಫೋಲ್ಡರಿಲ್ಲ, ಹೋಬಳಿಯಿಲ್ಲ, ವಿಳಾಸದಲ್ಲಿ ಮಾವನ ಹೆಸರೊಂದೇ. ಒಳಗೆ ಬರೆದೆ: "ಮಾವ, ಭಾನುವಾರ ಬೇಗ ಬರ್ರಿ. ಚಾ ಒಟ್ಟಿಗೆ ಕುಡಿಯೋಣ."