ವಿಮಾನಕ್ಕೆರಡು ಊದುಬತ್ತಿ

ಹದಿನಾಲ್ಕು ತಿಂಗಳಿಂದ ವಿದ್ಯಾರಣ್ಯಪುರದ ನಮ್ಮ ಅಡುಗೆಮನೆಯಲ್ಲಿ ದಿನಾ ಬೆಳಿಗ್ಗೆ ಐದು ಗಂಟೆಗೆ ಒಂದು ವಿಮಾನ ಏರುತ್ತದೆ, ಐದೂ ಮುಕ್ಕಾಲಿಗೆ ಇಳಿಯುತ್ತದೆ. ಅದರ ಪೈಲಟ್ ನನ್ನ ಯಜಮಾನರು. ಉಳಿದದ್ದೆಲ್ಲ ನಾನೇ. ಕಂಟ್ರೋಲ್ ಟವರು ನಾನು, ಪರೀಕ್ಷಕಿ ನಾನು, ಎದುರುಗಾಳಿ ನಾನು, ನಡುದಾರಿಯಲ್ಲಿ ಕೆಟ್ಟು ನಿಲ್ಲುವ ಇಂಜಿನ್ನೂ ನಾನು. ಇದರ ಮಧ್ಯೆ ಪುರುಸೊತ್ತು ಸಿಕ್ಕಿದರೆ ಚಪಾತಿ ಹಿಟ್ಟು ಕಲಸುವವಳೂ ನಾನೇ.

ಇಷ್ಟು ಓದಿ ನಮ್ಮ ಮನೆಯವರು ಯಾವುದೋ ವಿಮಾನ ಕಂಪನಿಯಲ್ಲಿದ್ದಾರೆ ಅಂದುಕೊಳ್ಳಬೇಡಿ. ನನ್ನ ಗಂಡ ಗುರುಚರಣ್ ಅವರದು ಯಶವಂತಪುರದ ಮಾರ್ಕೆಟ್ ಯಾರ್ಡಿನಲ್ಲಿ ಬೆಳ್ಳುಳ್ಳಿ ಮಂಡಿ. ವಯಸ್ಸು ಐವತ್ಮೂರು. ಮೊನ್ನೆ ಮೊನ್ನೆಯವರೆಗೂ ಅವರು ಏರಿದ್ದ ಅತಿ ಎತ್ತರದ ಜಾಗವೆಂದರೆ ಬೆಳ್ಳುಳ್ಳಿ ಮೂಟೆಗಳ ಅಟ್ಟಿ. ಯಾರೋ ವ್ಯಾಪಾರದ ಸ್ನೇಹಿತರು ಒಂದು ದಿನ ಅವರನ್ನು ಪುಟಾಣಿ ವಿಮಾನದಲ್ಲಿ ಕೂರಿಸಿಕೊಂಡು ಇಪ್ಪತ್ತು ನಿಮಿಷ ಸುತ್ತಿಸಿಕೊಂಡು ಬಂದರು. (ಆ ಸ್ನೇಹಿತರ ಹೆಸರು ಬೇಡ. ಅವರ ಹೆಂಡತಿ ನನಗೆ ಬೇಕಾದವರು.) ಮನೆಗೆ ಬಂದವರೇ ಚಪ್ಪಲಿಯನ್ನೂ ಬಿಡದೆ ನಿಂತು, ಮೇಲಿಂದ ನೋಡಿದರೆ ಹೆಬ್ಬಾಳದಲ್ಲಿ ಟ್ರಾಫಿಕ್ಕೇ ಕಾಣಿಸುವುದಿಲ್ಲ ಎಂದರು. ಅಷ್ಟೇ. ಮುಂದಿನ ವಾರ ಹೆದ್ದಾರಿ ಪಕ್ಕದ ಚಿಕ್ಕ ವಿಮಾನ ಮೈದಾನದಲ್ಲಿ ಹೆಸರು ಬರೆಸಿಬಿಟ್ಟಿದ್ದರು. ಆ ವಯಸ್ಸಿಗೆ ಬೇರೆಯವರ ಗಂಡಂದಿರು ಮಂಡಿ ಆಪರೇಷನ್ ಮಾಡಿಸಿಕೊಂಡು ತೆಪ್ಪಗೆ ಕೂರುತ್ತಾರೆ. ನನ್ನ ಹಣೆಬರಹಕ್ಕೆ ಗಗನಯಾನ ಬರೆದಿತ್ತು.

ಈ ವಿದ್ಯೆಗೆ ಒಂದು ಪಟ್ಟಿ ಇದೆ. ಚೆಕ್‌ಲಿಸ್ಟ್ ಅನ್ನುತ್ತಾರೆ. ವಿಮಾನ ಹತ್ತುವ ಮುಂಚೆ ಅದನ್ನು ಸುತ್ತಿ ಏನೇನು ಮುಟ್ಟಿ ನೋಡಬೇಕು, ಹತ್ತಿದ ಮೇಲೆ ಯಾವ ಗುಂಡಿ ಒತ್ತಬೇಕು, ಇಂಜಿನ್ ನಿಂತರೆ ಯಾವ ದೇವರನ್ನು ನೆನೆಯಬೇಕು, ಎಲ್ಲ ಅದರಲ್ಲಿದೆ. (ಕೊನೆಯದು ನಾನು ಸೇರಿಸಿದ್ದು.) ನಾನು ಓದಬೇಕು, ಅವರು ಗ್ಯಾಸ್ ಒಲೆಯ ತಿರುಗಣೆಗಳನ್ನು ಮುಟ್ಟಿ ಉತ್ತರ ಹೇಳಬೇಕು. ಮಂಡಿಯಲ್ಲಿ ಹರಾಜು ಕೂಗಿ ಕೂಗಿ ಅವರ ಗಂಟಲು ಒಂದೇ ಅಳತೆಗೆ ನಿಂತುಬಿಟ್ಟಿದೆ. ಟವರಿಗೆ ಅವರು ಕೊಡುವ ಸಂದೇಶ ಎದುರು ಮನೆಯ ವೆಂಕಟಲಕ್ಷ್ಮಮ್ಮನವರಿಗೂ ತಲುಪುತ್ತದೆ. ನಮ್ಮತ್ತೆ ಗಂಗರತ್ನಮ್ಮ ಈ ವಿಮಾನದ ಏಕೈಕ ಪ್ರಯಾಣಿಕರು. ಅಡುಗೆಮನೆ ಹೊಸ್ತಿಲಲ್ಲಿ ಸ್ಟೂಲ್ ಹಾಕಿ ಕೂತು, ಬೇಗ ಇಳಿಸೋ, ಕಾಫಿಗೆ ಹೊತ್ತಾಯಿತು ಅನ್ನುತ್ತಿರುತ್ತಾರೆ.

ಹೀಗಾಗಿ ಬೆಳ್ಳುಳ್ಳಿ ಮಂಡಿಯ ಯಜಮಾನರಿಗಿಂತ ಮೊದಲು ಆ ಪಟ್ಟಿ ಬಾಯಿಪಾಠವಾದದ್ದು ನನಗೆ. ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತೇನೆ. ಬೇಡವೆಂದರೂ ಹೇಳುತ್ತೇನೆ, ಅದೇ ಸಂಕಟ. ಮೊನ್ನೆ ಅರಿಶಿನ ಕುಂಕುಮಕ್ಕೆ ಹೋಗಿದ್ದಾಗ ಯಾರೋ ಬಾಗಿಲು ಹಾಕಿದರೆ, ಲಾಕ್ ಆಗಿದೆಯಾ ಎಳೆದು ನೋಡಿ ಎಂದುಬಿಟ್ಟೆ.

ಇಷ್ಟು ತಯಾರಿ ನಡೆದರೂ ಯಜಮಾನರು ಎರಡು ಸಲ ಫೇಲು.

ಮೊದಲನೆಯ ಸಲ ಮೇಲೆ ಹೋದಾಗ ಪರೀಕ್ಷಕರು ಇಂಜಿನ್ ಸದ್ದು ತಗ್ಗಿಸಿ, ಇಂಜಿನ್ ನಿಂತುಹೋಯಿತು ಅಂದುಕೊಳ್ಳಿ, ಯಾವ ಹೊಲದಲ್ಲಿ ಇಳಿಸುತ್ತೀರಿ ತೋರಿಸಿ ಎಂದರಂತೆ. ಒಂದು ಹೊಲ ನೋಡಿಕೊಂಡು ಅತ್ತ ತಿರುಗಿದರೆ ಮುಗಿಯುತ್ತಿತ್ತು. ನಮ್ಮವರು ಯಲಹಂಕದ ಸುತ್ತಲಿನ ಹಳ್ಳಿಗಳಲ್ಲೇ ಹುಟ್ಟಿ ಬೆಳೆದವರು. ಆ ಕಡೆಯ ಒಂದೊಂದು ಸರ್ವೆ ನಂಬರೂ ಗೊತ್ತು. ಪರೀಕ್ಷಕರು ಒಂದು ಹಸಿರು ಹೊಲ ತೋರಿಸಿದರೆ, ಅದು ಬೇಡ ಸರ್, ಅಣ್ಣತಮ್ಮಂದಿರ ಕೇಸಿದೆ, ಸ್ಟೇ ತಂದಿದ್ದಾರೆ ಎಂದರಂತೆ. ಪಕ್ಕದ್ದು ಮುನಿಆಂಜಿನಪ್ಪನವರದು, ಅವರಿಗೂ ನಮಗೂ ಮಾತಿಲ್ಲ. ಅದರಾಚೆಯದು ಕೆರೆ ಒತ್ತುವರಿ. ತಕರಾರಿಲ್ಲದ ಜಮೀನು ಹುಡುಕುವಷ್ಟರಲ್ಲಿ ವಿಮಾನ ಎಷ್ಟೋ ಕೆಳಗಿಳಿದಿತ್ತು. ಪರೀಕ್ಷಕರೇ ಇಂಜಿನ್ ಜೋರು ಮಾಡಿ ಮೇಲೆತ್ತಿಕೊಂಡು ಬಂದರು.

ಎರಡನೆಯ ಸಲ ಎಲ್ಲ ಸರಿಯಾಯಿತು. ಹೂವಿನಂತೆ ಇಳಿಸಿದರು. ಚಕ್ರ ನೆಲಕ್ಕೆ ತಾಗಿದ ಖುಷಿಗೆ ಎರಡೂ ಕೈ ಎತ್ತಿ ದೇವರಿಗೆ ಮುಗಿದರು. ವಿಮಾನ ಇನ್ನೂ ಓಡುತ್ತಿತ್ತು. ಹಿಡಿದುಕೊಳ್ಳುವವರಿಲ್ಲದೆ ಅದು ರನ್‌ವೇ ಬಿಟ್ಟು ಹುಲ್ಲಿಗೆ ಹೋಯಿತು.

ಆವತ್ತು ನಾನು ಪಟ್ಟಿಯನ್ನು ಒಲೆಗೆ ಹಾಕುತ್ತೇನೆಂದು ಕೂತೆ. ನನಗೂ ಐವತ್ತಾಯಿತು. ಒಂದು ದಿನವಾದರೂ ಬೆಳಿಗ್ಗೆ ಆರೂವರೆವರೆಗೆ ಮಲಗಿರಬೇಕು ಅನ್ನುವುದು ದೊಡ್ಡ ಆಸೆಯೇನಲ್ಲ. ಕೊನೆಗೆ ಯಜಮಾನರು ಅವರಮ್ಮನ ತಲೆಯ ಮೇಲೆ ಕೈಯಿಟ್ಟು ಆಣೆ ಮಾಡಿದರು.

"ಇನ್ನೊಂದೇ ಪರೀಕ್ಷೆ. ಪಾಸಾದ್ರೂ ಇದೇ ಕೊನೆ, ಫೇಲಾದ್ರೂ ಇದೇ ಕೊನೆ. ಆಮೇಲೆ ನಿನ್ನನ್ನ ಐದಕ್ಕೆ ಎಬ್ಬಿಸಲ್ಲ ಕಣೇ."

ಪಾಸಾದರೆ ಲೈಸೆನ್ಸು, ಫೇಲಾದರೆ ಸನ್ಯಾಸ. ಹೇಗೆ ನೋಡಿದರೂ ನನಗೆ ನಿದ್ದೆ ಗ್ಯಾರಂಟಿ. ಇಷ್ಟು ಪಕ್ಕಾ ವ್ಯಾಪಾರವನ್ನು ಮಂಡಿಯವರ ಹೆಂಡತಿಯಾಗಿ ನಾನು ಹಿಂದೆಂದೂ ಮಾಡಿರಲಿಲ್ಲ. ಆದರೂ ನಿಜ ಹೇಳಬೇಕೆಂದರೆ, ಪರೀಕ್ಷೆಯ ಹಿಂದಿನ ದಿನ ಅವರು ಬಿಳಿ ಅಂಗಿಗೆ ತಾವೇ ಇಸ್ತ್ರಿ ಹಾಕುತ್ತಾ ನಿಂತಿದ್ದನ್ನು ನೋಡಿ ಕರುಳು ಚುರುಕ್ ಎಂದಿತು. ದೇವರೇ, ಈ ಮನುಷ್ಯ ಪಾಸಾಗಲಿ ಎಂದುಕೊಂಡೆ.

ಬೆಳಿಗ್ಗೆ ಹೊರಡುವಾಗ ಅತ್ತೆ ಒಂದು ಚೀಲ ಕೊಟ್ಟರು. ಅದರಲ್ಲಿ ಕುಂಕುಮ, ಹೂವು, ನಿಂಬೆಹಣ್ಣು, ಊದುಬತ್ತಿ. ಸ್ಕೂಟರ್ ತಂದರೂ ಪೂಜೆ ಮಾಡುತ್ತೀವಿ, ಆ ಲೋಹದ ಹಕ್ಕಿಗೆ ಎರಡು ಸಲವೂ ಒಂದು ಬೊಟ್ಟು ಇಡಲಿಲ್ಲ, ಅದಕ್ಕೇ ಹೀಗಾಗಿದ್ದು ಎಂದು ಫೇಲಿಗೆ ಕಾರಣವನ್ನೂ ಹೇಳಿದರು. ಯಜಮಾನರು ಟೆನ್ಶನ್ನಿನಲ್ಲಿದ್ದರು, ಕೇಳಿಸಿಕೊಳ್ಳಲಿಲ್ಲ. ಜೊತೆಗೆ ನಾನೂ ಹೊರಟೆ. ವಿಮಾನವನ್ನು ಹತ್ತಿರದಿಂದ ನಾನು ನೋಡಿದ್ದು ಆವತ್ತೇ ಮೊದಲು.

ಯಜಮಾನರನ್ನು ಒಳಗಿನ ಕೋಣೆಯಲ್ಲಿ ಕೂರಿಸಿಕೊಂಡು ಪರೀಕ್ಷಕ ಕ್ಯಾಪ್ಟನ್ ಮೊಯಿನುದ್ದೀನ್ ಬಾಯಿ ಪ್ರಶ್ನೆ ಕೇಳುತ್ತಿದ್ದರು. ಹೊರಗೆ ವಿಮಾನದ ಕೊಟ್ಟಿಗೆಯಲ್ಲಿ, ಅಂದರೆ ಹ್ಯಾಂಗರಿನಲ್ಲಿ, ಮೆಕ್ಯಾನಿಕ್ ಚನ್ನಪ್ಪ ಒಬ್ಬರೇ ಇದ್ದರು. ನಾನು ಚೀಲ ತೋರಿಸಿದೆ. ಪಾಪ, ಒಳ್ಳೆಯ ಮನುಷ್ಯ. ಶುಕ್ರವಾರ ಶುಕ್ರವಾರ ತಾವೂ ಹೂವು ಇಡುವುದಾಗಿ ಹೇಳಿದರು. ಮೂಗಿನ ಮೇಲೆ ಒಂದು ಬೊಟ್ಟು ಪರವಾಗಿಲ್ಲ, ನಿಂಬೆಹಣ್ಣು ಬೇಡ, ಪೆಟ್ರೋಲ್ ಇರುವ ಜಾಗ, ಬೆಂಕಿಯಂತೂ ಹಚ್ಚಲೇಬೇಡಿ ಎಂದು ಹೇಳಿ, ಯಾರೋ ಕರೆದರೆಂದು ಆ ಕಡೆ ಹೋದರು.

ನಾನು ಹೇಳಿದ ಮಾತು ಕೇಳುವವಳು. ಬೊಟ್ಟಿಟ್ಟೆ. ನಿಂಬೆಹಣ್ಣು ಚೀಲದಲ್ಲೇ ಉಳಿಸಿದೆ. ಊದುಬತ್ತಿ ಹಚ್ಚಲಿಲ್ಲ. ಹಚ್ಚದಿದ್ದರೇನು, ಇಟ್ಟರೆ ದೇವರಿಗೆ ತಿಳಿಯುತ್ತದೆ. ಎಲ್ಲಿ ಸಿಕ್ಕಿಸಲಿ ಎಂದು ನೋಡಿದರೆ, ಎಡಗಡೆ ರೆಕ್ಕೆಯ ಕೆಳಗೆ ಒಂದು ಚಿಕ್ಕ ಕೊಳವೆ ಮುಂದಕ್ಕೆ ಚಾಚಿಕೊಂಡಿತ್ತು. ತುದಿಯಲ್ಲಿ ಅಚ್ಚುಕಟ್ಟಾದ ತೂತು. ವಿಮಾನ ಮಾಡಿದವರು ಎಷ್ಟು ವಿಚಾರವಂತರು, ಊದುಬತ್ತಿಗೂ ಜಾಗ ಬಿಟ್ಟಿದ್ದಾರಲ್ಲ ಎಂದು ಮನಸ್ಸು ತುಂಬಿ ಬಂತು. ಒಂಟಿ ಊದುಬತ್ತಿ ಇಡಬಾರದು ಎಂದು ಎರಡು ತೆಗೆದುಕೊಂಡೆ. ಸ್ವಲ್ಪ ಬಿಗಿಯಾಯಿತು. ಒತ್ತಿ ಕೂರಿಸಿದೆ.

ಸ್ವಲ್ಪ ಹೊತ್ತಿಗೆ ಇಬ್ಬರೂ ಹೊರಗೆ ಬಂದರು. ಯಜಮಾನರ ಮುಖದಲ್ಲಿ ಕಳೆ ಇತ್ತು. ಪ್ರಶ್ನೆಗಳಿಗೆಲ್ಲ ಉತ್ತರ ಹೇಳಿದ್ದಾರೆ ಎಂದು ನನಗೆ ನೋಡಿದ ಕೂಡಲೇ ಗೊತ್ತಾಯಿತು. ಆಕಾಶವೂ ತಿಳಿಯಾಗಿತ್ತು, ಗಾಳಿ ಎಲೆ ಅಲ್ಲಾಡಿಸುವಷ್ಟೂ ಇಲ್ಲ. ಇನ್ನು ವಿಮಾನವನ್ನು ಒಂದು ಸುತ್ತು ಪರೀಕ್ಷಿಸಿ ಹತ್ತುವುದಷ್ಟೇ ಬಾಕಿ. ಕ್ಯಾಪ್ಟನ್ ಹಲಗೆಗೆ ಕಾಗದ ಸಿಕ್ಕಿಸಿಕೊಂಡು ಹಿಂದೆ ಹಿಂದೆ ನಡೆದರು. ನಾನು ಹಗ್ಗದ ಈಚೆ ನಿಂತು ಮನಸ್ಸಿನಲ್ಲೇ ಪಟ್ಟಿ ಓದತೊಡಗಿದೆ. ಬಾಗಿಲು ಆಯಿತು, ಚಕ್ರ ಆಯಿತು. ಯಜಮಾನರು ಎಡ ರೆಕ್ಕೆಗೆ ಬಂದರು. ಬಗ್ಗಿದರು. ಬಗ್ಗಿದವರು ಏಳಲಿಲ್ಲ.

ಹದಿನಾಲ್ಕು ತಿಂಗಳಲ್ಲಿ ಮೊದಲ ಸಲ ನನ್ನ ಗಂಡನ ಧ್ವನಿ ಸಣ್ಣದಾಯಿತು. "ಸರ್, ಇದರೊಳಗೆ ಊದುಬತ್ತಿ ಇದೆ."

"ಎಷ್ಟು?" ಕ್ಯಾಪ್ಟನ್ ಪೆನ್ನು ತೆಗೆದರು.

"ಎರಡು ಸರ್."

ಹೇಳಿ ಸುಮ್ಮನಿರಬಾರದೇ. ಎಳೆದೂ ಬಿಟ್ಟರು. ಒಂದು ಸಲೀಸಾಗಿ ಬಂತು. ಇನ್ನೊಂದು ಪಟ್ಟಂತ ಮುರಿದು ಅರ್ಧ ಕಡ್ಡಿ ಒಳಗೇ ಉಳಿಯಿತು. ಇದನ್ನು ಇಟ್ಟವರು ಯಾರು ಎಂದು ಕ್ಯಾಪ್ಟನ್ ಕೇಳಿದರು. ಯಜಮಾನರು ನನ್ನ ಕಡೆ ತಿರುಗಿಯೂ ನೋಡದೆ, ನಾನೇ ಸರ್, ನಮ್ಮಲ್ಲಿ ಪದ್ಧತಿ ಎಂದರು.

ಇಪ್ಪತ್ತೆಂಟು ವರ್ಷದ ಸಂಸಾರದಲ್ಲಿ ಹಾಲು ಉಕ್ಕಿದ್ದಕ್ಕೂ ತಪ್ಪು ಒಪ್ಪಿಕೊಂಡವರಲ್ಲ ಈ ಮನುಷ್ಯ. ತನ್ನ ವಿಮಾನಕ್ಕೆ ತಾನೇ ಕಡ್ಡಿ ತುರುಕಿದವನನ್ನು ಯಾವ ಪರೀಕ್ಷಕ ಪಾಸು ಮಾಡುತ್ತಾನೆ. ಹಗ್ಗದ ಕೆಳಗೆ ನುಗ್ಗಿ ಹೋದೆ.

"ಸರ್, ಅವರಲ್ಲ. ನಾನು ಇಟ್ಟಿದ್ದು."

ಕ್ಯಾಪ್ಟನ್ ನನ್ನನ್ನೂ ನನ್ನ ಚೀಲವನ್ನೂ ನೋಡಿದರು. "ಇದೇನು ಅಂತ ಗೊತ್ತೇನಮ್ಮ ನಿಮಗೆ?"

ಗೊತ್ತಿಲ್ಲ ಎಂದೆ. ಪಕ್ಕದಿಂದ ಯಜಮಾನರು, ಪಿಟೋ ಟ್ಯೂಬ್ ಕಣೇ ಎಂದು ಗೊಣಗಿದರು. ಆ ಹೆಸರು ಕಿವಿಗೆ ಬಿದ್ದದ್ದೇ ತಡ, ನನ್ನ ಬಾಯಿ ತಾನೇ ಓಡಿತು. "ಪಿಟೋ ಟ್ಯೂಬ್. ಕವರ್ ತೆಗೆದಿದೆ, ತೂತು ಕ್ಲಿಯರ್, ಅಡ್ಡಿ ಇಲ್ಲ, ಡ್ಯಾಮೇಜ್ ಇಲ್ಲ."

ಕ್ಯಾಪ್ಟನ್ ಪೆನ್ನು ನಿಂತಿತು. "ಇಷ್ಟೆಲ್ಲ ಗೊತ್ತಿದ್ದೂ ಇಟ್ರಾ?"

"ಹೆಸರು ಗೊತ್ತಿತ್ತು ಸರ್. ಮುಖ ನೋಡಿರ್ಲಿಲ್ಲ."

ಅವರು ಆ ಕಡೆ ತಿರುಗಿ ನಿಂತುಕೊಂಡರು. ಭುಜಗಳು ಅಲ್ಲಾಡುತ್ತಿದ್ದವು. ಸ್ವಲ್ಪ ಸುಧಾರಿಸಿಕೊಂಡು ತಿರುಗಿ ನನಗೆ ತಾಳ್ಮೆಯಿಂದ ವಿವರಿಸಿದರು. ವಿಮಾನಕ್ಕೆ ತನ್ನ ವೇಗ ತಿಳಿಯುವುದೇ ಆ ತೂತಿನಿಂದ ಒಳಹೋಗುವ ಗಾಳಿಯಿಂದಂತೆ. ಅದು ಮುಚ್ಚಿದರೆ ಮೀಟರು ಸೊನ್ನೆಯಲ್ಲೇ ಕೂರುತ್ತದಂತೆ. ಆ ತೂತಿನಲ್ಲಿ ಕಣಜ ಗೂಡು ಕಟ್ಟಿದ್ದನ್ನು ಅವರು ನೋಡಿದ್ದಾರೆ, ಪೂಜೆ ನಡೆದದ್ದನ್ನು ಇದೇ ಮೊದಲು ನೋಡುತ್ತಿರುವುದಂತೆ. ಚನ್ನಪ್ಪ ಬಂದು ತೂತಿಗೆ ಟಾರ್ಚ್ ಬಿಟ್ಟು ತಲೆಯ ಮೇಲೆ ಕೈಹೊತ್ತು ನಿಂತರು. ಕೊಳವೆ ಬಿಚ್ಚಬೇಕು, ಕಡ್ಡಿ ತೆಗೆಯಬೇಕು, ಒತ್ತಡ ಪರೀಕ್ಷೆ ಆಗಬೇಕು, ಇಂಜಿನಿಯರ್ ಸಹಿ ಬೀಳಬೇಕು. ಎರಡು ದಿನದ ಕೆಲಸ. ಇನ್ನೊಂದು ವಿಮಾನದ ಇಂಜಿನ್ ಬಿಚ್ಚಿ ಟೇಬಲ್ಲಿನ ಮೇಲಿತ್ತು. ಕ್ಯಾಪ್ಟನ್ ಅವತ್ತು ಸಂಜೆಯೇ ಹೈದರಾಬಾದಿಗೆ ಹೊರಡುವವರು, ಮತ್ತೆ ಬರುವುದು ಎರಡು ತಿಂಗಳ ಮೇಲೆ.

ನಾನು ಕಣ್ಣೊರೆಸಿಕೊಂಡು, ಪಾಸಾ ಫೇಲಾ ಸರ್, ಅದಷ್ಟು ಹೇಳಿಬಿಡಿ ಎಂದೆ.

"ಎರಡೂ ಅಲ್ಲಮ್ಮ. ಪರೀಕ್ಷೆ ನಡೆದೇ ಇಲ್ಲ," ಎಂದರು ಕ್ಯಾಪ್ಟನ್. ಇಂಥ ಹವಾಮಾನದಲ್ಲಿ, ಇಷ್ಟು ಚೆನ್ನಾಗಿ ಓದಿಕೊಂಡು ಬಂದವರು ಇವತ್ತು ಪಾಸಾಗುವ ಹಾಗೇ ಇದ್ದರು ಎಂದೂ ಸೇರಿಸಿದರು. ಆ ಮಾತನ್ನು ಅವರು ಹೇಳದೆ ಇದ್ದಿದ್ದರೆ ನನಗೆ ಉಪಕಾರವಾಗುತ್ತಿತ್ತು.

ವಾಪಸು ಬರುವಾಗ ಕಾರು ಕೊಡಿಗೇಹಳ್ಳಿಗೆ ಬಂತು. ಸಿಗ್ನಲ್ಲಿನಲ್ಲಿ ನಿಂತಾಗ ನಾನೇ, ತಪ್ಪಾಯಿತು ಕಣ್ರೀ ಎಂದೆ. ಯಜಮಾನರು ಬಿಡು ಎಂದರು. ಆಮೇಲೆ ಅವರೇ, ನಾನು ಬಗ್ಗಿ ನೋಡಿದೆ, ನೋಡಿದೆ ತಾನೆ, ಎಷ್ಟೋ ಜನ ಸುಮ್ಮನೆ ಮುಟ್ಟಿ ಮುಂದೆ ಹೋಗಿಬಿಡುತ್ತಾರಂತೆ, ಕ್ಯಾಪ್ಟನ್ನೇ ಹೇಳಿದರು ಎಂದು ಬೀಗಿದರು. ನನ್ನ ಗಂಡ ಖುಷಿಯಾಗಿದ್ದರು. ಇದ್ಯಾಕೋ ಸರಿಯಿಲ್ಲ ಅನ್ನಿಸಿತು.

"ಅತ್ತೆ ತಲೆ ಮೇಲೆ ಆಣೆ ಮಾಡಿದೀರಿ, ಇದೇ ಕೊನೆ ಅಂತ," ಎಂದು ನೆನಪಿಸಿದೆ.

"ಪಾಸಾದ್ರೆ ಕೊನೆ, ಫೇಲಾದ್ರೆ ಕೊನೆ ಅಂದಿದ್ದೆ ಕಣೇ. ಎರಡೂ ಆಗ್ಲಿಲ್ವಲ್ಲ."

ಮನೆಗೆ ಬಂದು ಹೈಕೋರ್ಟಿಗೆ ಹೋದೆ, ಅಂದರೆ ಅತ್ತೆಯ ಹತ್ತಿರ. ಅವರು ಕಾಫಿ ಲೋಟ ಕೆಳಗಿಟ್ಟು ಎರಡೂ ಕಡೆಯ ವಾದ ಕೇಳಿದರು. ಪರೀಕ್ಷೆಯೇ ಆಗಲಿಲ್ಲ ಅಂದಮೇಲೆ ಆಣೆ ಹೇಗೆ ತೀರುತ್ತದೆ, ಅದು ಇನ್ನೂ ನನ್ನ ತಲೆಯ ಮೇಲೇ ಇದೆ, ನನಗೆ ಭಾರವಾಗುವ ಮುಂಚೆ ಬೇಗ ಓದಿಸಿ ಪಾಸು ಮಾಡಿಸು ಎಂದು ತೀರ್ಪು ಕೊಟ್ಟರು. ಪೂಜೆಯ ಚೀಲ ಕಳಿಸಿದವರು ಯಾರು ಎಂಬ ವಿಷಯವನ್ನು ನ್ಯಾಯಾಲಯ ವಿಚಾರಣೆಗೆ ಎತ್ತಿಕೊಳ್ಳಲಿಲ್ಲ.

ಮಾರನೆಯ ದಿನ ಐದಕ್ಕೆ ಅಡುಗೆಮನೆಯಲ್ಲಿ ದೀಪ ಹತ್ತಿತು. ಇನ್ನು ಎರಡು ತಿಂಗಳು, ಹೇಗೋ ಹಲ್ಲು ಕಚ್ಚಿ ಕಳೆಯೋಣ ಎಂದು ನಾನು ಆಕಳಿಸುತ್ತಾ ಪಟ್ಟಿ ತೆಗೆದೆ. ಆಗ ಯಜಮಾನರು ಬಹಳ ಪ್ರೀತಿಯಿಂದ ಇನ್ನೊಂದು ಸುದ್ದಿ ಹೇಳಿದರು. ಓದಿಸುವವರಿಗೆ ಬರೀ ಹೆಸರು ಗೊತ್ತಿದ್ದರೆ ಸಾಲದು ಎಂದು ಕ್ಯಾಪ್ಟನ್ ಹೊರಡುವ ಮುಂಚೆ ಚನ್ನಪ್ಪನವರಿಗೆ ಹೇಳಿ ಹೋಗಿದ್ದಾರಂತೆ. ವಿಮಾನದ ಒಂದೊಂದು ಭಾಗದ ಮುಖವನ್ನೂ ನನಗೆ ತೋರಿಸಿ ಪರಿಚಯ ಮಾಡಿಸಬೇಕಂತೆ. ಪ್ರತಿ ಶನಿವಾರ, ಪ್ರತಿ ಭಾನುವಾರ, ಬೆಳಿಗ್ಗೆ ಐದೂವರೆಗೆ ಅಲ್ಲಿರಬೇಕು, ಮನೆಯಿಂದ ನಾಲ್ಕೂ ಮುಕ್ಕಾಲಿಗೆ ಹೊರಡಬೇಕು.

ಈ ಶನಿವಾರ ಬಾಲದಿಂದ ಶುರು. ಕೈ ಬೀಸಿಕೊಂಡು ಬರಲಿ, ಚೀಲ ಮಾತ್ರ ತರುವುದು ಬೇಡ ಎಂದು ಚನ್ನಪ್ಪ ಹೇಳಿ ಕಳಿಸಿದ್ದಾರೆ.